ಮೂರು ಬಣ್ಣಗಳ ಅಡಿಯ ಗೀರು

ಹಳೇ ಬಸ್ಸಿನ ಬಣ್ಣ ಕೀಳುವುದೆಂದರೆ ಈರುಳ್ಳಿ ಸುಲಿದ ಹಾಗೆ, ಪದರ ಮುಗಿಯುವುದಿಲ್ಲ, ಕಣ್ಣೀರಂತೂ ಗ್ಯಾರಂಟಿ ಎಂದು ಬಣ್ಣದ ಮೇಸ್ತ್ರಿ ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿ ನಗಿಸುತ್ತಿದ್ದ. ಇವತ್ತಿನ ಬಸ್ಸು ಹಲವು ಕೈ ಬದಲಾಯಿಸಿ ಬಂದದ್ದು. ಹೆಣ್ಣುಮಕ್ಕಳ ಕಾಲೇಜೊಂದು ಅದನ್ನು ಕೊಂಡಿತ್ತು. ಒಳಗೋಡೆಗೆ ದ್ರಾವಣ ಬಳಿದು ಕಾದರೆ ಬಣ್ಣ ಬೊಬ್ಬೆಯೇಳುತ್ತಿತ್ತು. ಕೆರೆದಂತೆ ಮೊದಲು ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತಿತ್ತು.

ಮುಂದಿನಿಂದ ಮೂರನೇ ಕಿಟಕಿಯ ಕೆಳಗೆ ಅವನ ಕೈ ನಿಂತಿತು.

ಬರಿಯ ತಗಡಿನ ಮೇಲೆ ಆಳವಾದ ಗೀರುಗಳು. ಒಂದು ಹುಡುಗಿಯ ಹೆಸರು, ಪಕ್ಕದಲ್ಲಿ ಮನೆಯವರ ಮುಂದೆ ಆಡಲಾಗದ ಒಂದು ಮಾತು. ಅಕ್ಷರ ಅವನದೇ.

ಇಪ್ಪತ್ತೆರಡು ವರ್ಷದ ಹಿಂದೆ, ತುಂಬಿದ ಇದೇ ಬಸ್ಸಿನಲ್ಲಿ, ಕಾಲೇಜಿಗೆ ಹೊರಟಿದ್ದ ಆ ಹುಡುಗಿ ಅವನಿಗೆ, "ಎದ್ದೇಳಿ, ಇದು ಹೆಂಗಸರ ಸೀಟು" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಮಾರನೆಯ ದಿನವೇ ಅವನು ಮನೆಯ ಬೀಗದ ಕೈಯಿಂದ ಇದನ್ನು ಗೀಚಿದ್ದ. ವಾರದೊಳಗೆ ಅವಳು ಬಸ್ಸಿಗೆ ಬರುವುದು ನಿಂತಿತು. ಅದನ್ನು ಅವನು ತನ್ನ ಗೆಲುವೆಂದುಕೊಂಡಿದ್ದ.

ಆ ಹುಡುಗಿ ಈಗ ಇದೇ ಶೆಡ್ಡಿನ ಆ ಮೂಲೆಯಲ್ಲಿ ಕೂತು ಸೀಟಿಗೆ ರೆಕ್ಸಿನ್ ಹೊಲಿಯುತ್ತಿದ್ದಳು. ಎಲ್ಲರಿಗೂ ಅವಳು ಅಕ್ಕ. ನಾಲ್ಕು ವರ್ಷದ ಹಿಂದೆ ಅವಳು ಕೆಲಸಕ್ಕೆ ಬಂದಾಗ ಅವನು ಗುರುತು ಹಿಡಿದಿದ್ದ. ಗಡ್ಡ ಬಿಟ್ಟು ದಪ್ಪಗಾಗಿದ್ದ ಅವನನ್ನು ಅವಳು ಗುರುತು ಹಿಡಿಯಲಿಲ್ಲ. ಅಂದಿನಿಂದ ಅವಳ ಭಾರದ ಹೊರೆಗಳನ್ನೆಲ್ಲ ಕೇಳದೆಯೇ ಹೊತ್ತು ತಂದುಕೊಡುತ್ತಿದ್ದ.

"ಮೇಸ್ತ್ರಿ, ನಿಮ್ಮ ಕೆರೆತ ಮುಗೀತಾ? ಅಳತೆ ತಗೋಬೇಕು!" ಅವಳ ಕೂಗು ಬಂತು.

"ಹತ್ತು ನಿಮಿಷ ಅಕ್ಕ!"

ಅವಸರದಲ್ಲಿ ಹಲಗೆಯ ಮೇಲೆ ಪುಟ್ಟಿ ಕಲಸಿದ. ಗೀರು ತುಂಬಿ ಉಜ್ಜಿಬಿಟ್ಟರೆ ದೇವರಿಗೂ ಕಾಣದು. ಅಷ್ಟರಲ್ಲಿ ತಗಡಿನ ಕೆಲಸದವನು ತಲೆ ಹಾಕಿದ.

"ಏನೋ, ಹೆಂಡ್ತಿ ಬೈದ್ಲಾ? ಮುಖ ನೋಡು, ಸುಣ್ಣ ಬಳಿದ ಗೋಡೆ." ಗೀರು ಕಂಡು ಹುಬ್ಬೇರಿಸಿದ. "ಅಯ್ಯೋ, ಇದು ನಮ್ಮ ಅಕ್ಕನ ಹೆಸರಲ್ವಾ? ಯಾವ ಮುಠ್ಠಾಳ ಗೀಚಿದ್ದು?"

"ನಾನೇ."

ತಗಡಿನವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಹುಡುಗು ಬುದ್ಧಿ ಬಿಡೋ. ಆ ವಯಸ್ಸಲ್ಲಿ ಯಾರು ನೆಟ್ಟಗಿದ್ರು? ಪುಟ್ಟಿ ಎಳಿ. ಈಗ ಹೇಳಿ ಆಯಮ್ಮನ ಹಳೇ ಗಾಯ ಯಾಕೆ ಕೆರೀತೀಯಾ?"

"ಅವಳ ಗಾಯಕ್ಕೆ ಹೆದರ್ತಿದ್ದೀನೋ, ನನ್ನ ಮರ್ಯಾದೆಗೋ, ಅದೇ ಗೊತ್ತಾಗ್ತಿಲ್ಲ ಮಾರಾಯ."

ಹಲಗೆಯ ಮೇಲಿನ ಪುಟ್ಟಿ ನೋಡನೋಡುತ್ತ ಕಲ್ಲಾಯಿತು. ಮತ್ತೆ ಕಲಸಲು ಅವನಿಗೆ ಕೈ ಬರಲಿಲ್ಲ.

ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಅಕ್ಕ ಬಸ್ಸು ಹತ್ತಿದಳು. ಅವನು ಪಕ್ಕಕ್ಕೆ ಸರಿದ. ಅವಳು ನೋಡಿದಳು. ಟೇಪಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು.

"ಇದೇ ಬಸ್ಸಾ?" ಎಂದಳು ಮೆಲ್ಲಗೆ.

"ಬರೆದೋನು ನಾನೇ ಅಕ್ಕ. ಸೀಟು ಬಿಡಿ ಅಂದಿದ್ರಲ್ಲ ನೀವು, ಆ ಸಿಟ್ಟಿಗೆ."

"ಸೀಟಿಗಾ?" ಅವಳಿಗೆ ಅದು ನೆನಪೇ ಇದ್ದಂತಿರಲಿಲ್ಲ. "ಬರೀ ಒಂದು ಸೀಟಿಗಾ?"

ಅವನು ತಲೆ ತಗ್ಗಿಸಿದ. ಕಾಲಡಿ ಹಸಿರು ಸಿಪ್ಪೆ.

"ಇದು ಗೊತ್ತಾಗಿ ಅಪ್ಪ ಕಾಲೇಜು ಬಿಡಿಸಿದ್ರು. ಅದು ಹೋಗ್ಲಿ," ಅವಳು ಗೀರಿನ ಮೇಲೆ ಬೆರಳಿಟ್ಟಳು. "ಇದನ್ನ ಬರೆದೋನು ನನ್ನ ಚಿಕ್ಕಮ್ಮನ ಮಗ ಅಂದ್ಕೊಂಡಿದ್ದೆ. ಹಿಂದಿನ ಸೀಟಲ್ಲೇ ಕೂರ್ತಿದ್ದ, ಆ ವಾರ ನಮ್ಮಿಬ್ಬರಿಗೂ ಜಗಳ ಬೇರೆ. ಆಣೆ ಮಾಡಿ ಅತ್ತ, ಯಾರೂ ನಂಬಲಿಲ್ಲ. ಅವನ ಮದುವೆಗೆ ನಾನು ಹೋಗಲಿಲ್ಲ. ಚಿಕ್ಕಮ್ಮ ಸತ್ತಾಗ್ಲೂ ಬಾಗಿಲಾಚೆ ನಿಂತು ವಾಪಸ್ ಬಂದೆ. ಎರಡು ಬೀದಿ ಆಚೆ ಬೀಗ ರಿಪೇರಿ ಅಂಗಡಿ ಇಟ್ಕೊಂಡಿದ್ದಾನೆ. ಎದುರು ಸಿಕ್ಕಿದ್ರೆ ಇವತ್ತಿಗೂ ಮುಖ ತಿರುಗಿಸ್ತೀನಿ."

ತಾನು ಹಾಳು ಮಾಡಿದ್ದು ಒಬ್ಬಳ ಓದು ಮಾತ್ರ ಎಂದುಕೊಂಡಿದ್ದ ಮೇಸ್ತ್ರಿಗೆ ನೆಲ ಬಾಯಿಬಿಡಬಾರದೇ ಅನಿಸಿತು.

"ನಾನೇ ಹೋಗಿ ಅವರ ಕಾಲು ಹಿಡೀತೀನಿ ಅಕ್ಕ."

"ಬೇಡ. ಮೊದಲು ತಪ್ಪು ಒಪ್ಕೋಬೇಕಾದೋಳು ನಾನು. ಕರಕೊಂಡು ಬರ್ತೀನಿ." ಮೆಟ್ಟಿಲಲ್ಲಿ ತಿರುಗಿದಳು. "ನೀವು ಅದನ್ನ ಮುಚ್ಚಬೇಡಿ. ಓಡಿಹೋಗಲೂಬೇಡಿ."

ಅವಳು ಹೋದ ಮೇಲೆ ಸುದ್ದಿ ಶೆಡ್ಡಿನ ತುಂಬ ಹರಡಿತು. ಒಬ್ಬೊಬ್ಬರೇ ಬಂದು ಇಣುಕಿದರು. ತಗಡಿನವನು ಒಂದು ಬಟ್ಟೆ ತಂದು, "ಅವರು ಬರೋವರೆಗೆ ಇದನ್ನಾದ್ರೂ ಹೊದಿಸೋ" ಎಂದ.

"ಅವಳ ಹೆಸರಿನ ಮೇಲೆ ಹಾಕು. ನಾನು ಬರೆದ ಮಾತು ಹಾಗೇ ಇರಲಿ."

ಮೇಸ್ತ್ರಿ ಆ ಕಿಟಕಿಯ ಪಕ್ಕದ ಸೀಟಿನ ಬರಿಯ ಕಬ್ಬಿಣದ ಚೌಕಟ್ಟಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಅಕ್ಕ ಕಂಡಳು. ಅವಳ ಹಿಂದೆ, ಸೊಂಟದಲ್ಲಿ ಕೀಲಿಗೊಂಚಲು ಸಿಕ್ಕಿಸಿಕೊಂಡ ನರೆತಲೆಯವನೊಬ್ಬ ಕಣ್ಣೊರೆಸಿಕೊಳ್ಳುತ್ತ ಬರುತ್ತಿದ್ದ.

ಈ ಸಲ ಯಾರೂ ಹೇಳುವ ಮೊದಲೇ ಮೇಸ್ತ್ರಿ ಎದ್ದು ನಿಂತ.