ಸ್ಟ್ಯಾಂಡ್ ಇಲ್ಲದ ಪರದೆ

ಶನಿವಾರ ಸಂಜೆ ನಾಲ್ಕು ಗಂಟೆಗೆ ಅಪಿಸಾಯಿ ಎಂಟು ಸಾವಿರದ ಒಂಬೈನೂರು ಡಾಲರಿನ ಕಂಪ್ಯೂಟರನ್ನು ಟ್ಯಾಕ್ಸಿಯಿಂದ ಇಳಿಸಿದ. ಪೆಟ್ಟಿಗೆಗಳು ಎರಡು. ಒಂದರಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ, ಇನ್ನೊಂದರಲ್ಲಿ ಪರದೆ. ಪರದೆಗೆ ಸ್ಟ್ಯಾಂಡ್ ಇರಲಿಲ್ಲ. ಅದನ್ನು ಬೇರೆಯಾಗಿ ಕೊಳ್ಳಬೇಕಿತ್ತು.

ದ್ವೀಪರಾಷ್ಟ್ರದ ರಾಜಧಾನಿ ಸುವಾದ ನಬುವಾ ಬಡಾವಣೆಯ ಆ ಮನೆಯಲ್ಲಿ ಆಗಲೇ ಇಬ್ಬರು ಚಾಪೆಯ ಮೇಲೆ ಕೂತಿದ್ದರು. ಒಬ್ಬರು ಅಪಿಸಾಯಿಯ ಮಾವ ನೆಮಾನಿ. ಓವಲಾವು ದ್ವೀಪದಿಂದ ಹಿಂದಿನ ದಿನದ ದೋಣಿಗೆ ಬಂದಿದ್ದರು. ಇನ್ನೊಬ್ಬ ಅವರ ಮಗ ಸಕೆಯಾಸಿ. ಪೇಟೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಮಾರಾಟದ ಕೆಲಸ ಅವನದು. ನಡುವೆ ಮರದ ಬಟ್ಟಲಿನಲ್ಲಿ ಯಾಂಗೋನ ಬೇರಿನ ಮಂದ ಅಮಲಿನ ಕಷಾಯ ಕದಡಿಟ್ಟಿತ್ತು.

ಅಪಿಸಾಯಿಯ ಹೆಂಡತಿ ವಾಸಿತಿ ತೀರಿಕೊಂಡು ಮುಂದಿನ ಶನಿವಾರಕ್ಕೆ ನೂರು ದಿನ. ಅಂದು ಶೋಕ ಕಳೆಯುತ್ತದೆ. ಅಲ್ಲಿಯವರೆಗೆ ಗಂಡ ಕೂದಲು ಕತ್ತರಿಸುವಂತಿಲ್ಲ. ಅಪಿಸಾಯಿಯ ಎರಡೂ ಕಿವಿ ಮುಚ್ಚಿಹೋಗಿದ್ದವು.

ಪರದೆಯನ್ನು ಅವನು ಅಕ್ಕಿಮೂಟೆಗೆ ಒರಗಿಸಿ ಇಟ್ಟ. ಸಕೆಯಾಸಿ ತಲೆ ವಾರೆ ಮಾಡಿ ನೋಡಿದ.

"ಏನ್ ಭಾವ, ಇಷ್ಟು ದುಡ್ಡು ಕೊಟ್ಟು ಕಾಲಿಲ್ಲದ್ದನ್ನ ಮನೆಗೆ ತಂದಿದ್ದೀಯಲ್ಲ?"

"ಸ್ಟ್ಯಾಂಡಿಗೆ ಎರಡು ಸಾವಿರದ ನಾನೂರು ಕೇಳಿದ್ರು."

"ಎರಡು ಸಾವಿರದ ನಾನೂರಾ! ನಾನು ದಿನಾ ಹೊತ್ಕೊಂಡು ಓಡಾಡೋ ಲ್ಯಾಪ್‌ಟಾಪೇ ಎರಡು ಸಾವಿರದ ನೂರು. ಪರದೆ, ಕೀಲಿಮಣೆ, ಬ್ಯಾಟರಿ ಎಲ್ಲಾ ಸೇರಿ. ಅದಕ್ಕೆ ಕಾಲೇ ಬೇಡ, ತೊಡೆ ಸಾಕು."

ಅಕ್ಕನ ಗಂಡನನ್ನು ಹಂಗಿಸುವುದು ಅವರಲ್ಲಿ ತಮ್ಮನ ಹಕ್ಕು, ಒಂದು ರೀತಿಯಲ್ಲಿ ಕರ್ತವ್ಯವೂ ಹೌದು. ಸಾವಾದ ಮನೆಯೆಂದು ಅದಕ್ಕೆ ವಿನಾಯಿತಿ ಇಲ್ಲ. ಅಪಿಸಾಯಿ ಸಾಮಾನ್ಯವಾಗಿ ಒಂದಕ್ಕೆ ಎರಡು ಹಿಂದಿರುಗಿಸುತ್ತಿದ್ದ. ಈ ಮೂರು ತಿಂಗಳಲ್ಲಿ ಅದು ನಿಂತಿತ್ತು.

"ಅಂಗಡೀಲಿ ಗಿರಾಕಿಗಳಿಗೆ ಇದನ್ನೇ ತಗೊಳ್ಳಿ ಅಂತೀಯಂತೆ," ಎಂದರು ನೆಮಾನಿ.

"ಅಲ್ಲಿರೋದು ಸಂಬಳದ ಬಾಯಿ ಅಪ್ಪಾ. ಇಲ್ಲಿರೋದು ನನ್ನ ಸ್ವಂತದ್ದು." ಸಕೆಯಾಸಿ ಯಂತ್ರವನ್ನು ತಿರುಗಿಸಿ ಬೆನ್ನು ನೋಡಿದ. "ಅಕ್ಕನ ಡಿಸ್ಕಿನ ವೈರು ಇದಕ್ಕೆ ಕೂರಲ್ಲ. ನಡುವೆ ಹಾಕೋಕೆ ಬೆರಳುದ್ದದ ತುಂಡು ಬೇಕು. ನೂರಾ ನಲವತ್ತು ಡಾಲರ್."

"ತಂದಿದ್ದೀನಿ."

"ತಂದೂ ಬಿಟ್ಯಾ!"

ವಾಸಿತಿ ಮದುವೆಗಳ ಚಿತ್ರೀಕರಣ ಮಾಡುತ್ತಿದ್ದಳು. ಸದಾ ಕ್ಯಾಮೆರಾದ ಹಿಂದೆ ಇದ್ದುದರಿಂದ ಅವಳು ಯಾವ ಚಿತ್ರದಲ್ಲೂ ಇರಲಿಲ್ಲ, ಒಂದನ್ನು ಬಿಟ್ಟು. ಲೆವುಕಾದ ಒಂದು ಮದುವೆಯಲ್ಲಿ ಸಕೆಯಾಸಿ ಕ್ಯಾಮೆರಾ ಕಸಿದುಕೊಂಡು ಅವಳತ್ತ ತಿರುಗಿಸಿದ್ದ. ಅವಳ ಡಿಸ್ಕಿನಲ್ಲಿದ್ದ, ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಆ ತುಣುಕನ್ನು ನೂರನೇ ದಿನ ಬಂಧುಗಳೆದುರು ತೋರಿಸಬೇಕೆಂದು ಅಪಿಸಾಯಿ ನಿರ್ಧರಿಸಿದ್ದ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಅದು ಅಡಿಗಡಿಗೆ ನಿಲ್ಲುತ್ತಿತ್ತು. ಹೊಸದನ್ನು ಕೊಳ್ಳಲು ಅವನು ವಾಸಿತಿಯ ಕ್ಯಾಮೆರಾ ಮತ್ತು ಲೆನ್ಸ್‌ಗಳನ್ನು ಮಾರಿದ್ದ.

"ಫೈಲನ್ನ ಚಿಕ್ಕದು ಮಾಡಿಬಿಡು ಭಾವ," ಎಂದ ಸಕೆಯಾಸಿ, ಈಗ ದನಿ ತಗ್ಗಿಸಿ. "ಹತ್ತು ನಿಮಿಷದ ಕೆಲಸ. ಸ್ವಲ್ಪ ಮಸುಕಾಗುತ್ತೆ, ಅಷ್ಟೇ. ಆಮೇಲೆ ಮೊಬೈಲಲ್ಲೂ ಓಡುತ್ತೆ."

"ಮಸುಕು ಮಾಡಲ್ಲ."

"ಯಾರಿಗೂ ಗೊತ್ತಾಗಲ್ಲ ಮಾರಾಯಾ."

"ನಂಗೆ ಗೊತ್ತಾಗುತ್ತೆ."

ನೆಮಾನಿ ಕರಟದಲ್ಲಿ ಯಾಂಗೋನ ತುಂಬಿ ಮಗನಿಗೆ ಕೊಟ್ಟರು. ಸಕೆಯಾಸಿ ಒಮ್ಮೆ ಚಪ್ಪಾಳೆ ತಟ್ಟಿ ಕರಟವನ್ನು ತೆಗೆದುಕೊಂಡ. ಅದಾಗಲೇ ಐದಾರು ಸುತ್ತು ಆಗಿತ್ತು. ತುಟಿ, ನಾಲಿಗೆ ಎರಡೂ ಮರಗಟ್ಟಿದ್ದವು. ಮಾತು ತಡೆಯಲು ಏನೂ ಇರಲಿಲ್ಲ.

"ಸರಿ, ಹಾಗಾದ್ರೆ," ಎಂದ ಅವನು, ಅಕ್ಕಿಮೂಟೆಯತ್ತ ಗದ್ದ ಚಾಚಿ. "ನಿಂಗೆ ಇದನ್ನ ನಿಲ್ಲಿಸೋಕೂ ಬರಲ್ಲ. ನಂಗೆ ಕೊಟ್ಟುಬಿಡು. ಕೆರೆಕೆರೆ, ಭಾವ."

ಆ ಪದವನ್ನು ಯಾರೂ ತಮಾಷೆಗೆ ಬಳಸುವುದಿಲ್ಲ. ನಂಟನೊಬ್ಬ ಕೆರೆಕೆರೆ ಎಂದು ಕೇಳಿದ್ದನ್ನು ಇಲ್ಲವೆನ್ನುವ ಹಾಗಿಲ್ಲ. ಕೈಯಲ್ಲಿ ಕರಟ ಹಿಡಿದು, ಹಿರಿಯರ ಮುಂದೆ ಕೇಳಿದ್ದನ್ನಂತೂ ಇಲ್ಲವೆನ್ನಲು ಆಗುವುದೇ ಇಲ್ಲ.

ಸಕೆಯಾಸಿಯ ಮುಖದ ನಗು ಹಾಗೇ ಉಳಿದಿತ್ತು. ಅಪಿಸಾಯಿ ಪರದೆಯನ್ನು ನೋಡಿದ. ಸಿಟ್ಟು ಬರಬೇಕಿತ್ತೆಂದು ಅವನಿಗೆ ತಿಳಿದಿತ್ತು. ಬರಲಿಲ್ಲ.

"ತಗೊ," ಎಂದ.

"ಭಾವ, ನಾನು ಸುಮ್ನೆ—"

"ತಗೊ ಅಂದೆ."

"ಅಪ್ಪಾ, ನೀನಾದ್ರೂ ಹೇಳು. ಬಾಯಿ ತಪ್ಪಿ ಬಂತು."

ನೆಮಾನಿ ಬಟ್ಟಲಿನ ಕಷಾಯವನ್ನು ಒಮ್ಮೆ ಕದಡಿದರು. "ಕೇಳಿದ್ದೀಯ. ಅವನು ಕೊಟ್ಟಿದ್ದಾನೆ," ಎಂದರು. "ಈಗ ಬೇಡ ಅಂದ್ರೆ ಅವನ ಮುಖಕ್ಕೆ ಎಸೆದ ಹಾಗೆ. ಕುಡಿ."

ಸಕೆಯಾಸಿ ಕುಡಿದ. ಮೂವರೂ ಮೂರು ಸಲ ಚಪ್ಪಾಳೆ ತಟ್ಟಿದರು. ಅಪಿಸಾಯಿ ಪೆಟ್ಟಿಗೆಗಳನ್ನು ಮತ್ತೆ ಕಟ್ಟಿ, ನೂರಾ ನಲವತ್ತು ಡಾಲರಿನ ತುಂಡನ್ನೂ ಒಳಗೆ ಹಾಕಿ, ತಾನೇ ಟ್ಯಾಕ್ಸಿಗೆ ಹೊತ್ತುಕೊಟ್ಟ.

"ಶನಿವಾರ ಇದನ್ನೇ ತರ್ತೀನಿ ಭಾವ," ಎಂದ ಸಕೆಯಾಸಿ ಕಿಟಕಿಯಿಂದ. "ನಂದೇ ತಾನೆ ಈಗ? ನಾನು ಎಲ್ಲಿಗೆ ಬೇಕಾದ್ರೂ ತರಬಹುದು."

ಅಪಿಸಾಯಿ ತಲೆಯಾಡಿಸಿದ.

ಮಂಗಳವಾರ ಸಕೆಯಾಸಿಯ ಹೆಂಡತಿಯ ಸೋದರಮಾವ ಕಂಡಾವು ದ್ವೀಪದಿಂದ ಬಂದರು. ಪರದೆಯನ್ನು ಕಂಡರು. ಊರಿನವರೆಲ್ಲ ಒಟ್ಟಿಗೆ ಕೂತು ರಗ್ಬಿ ನೋಡಲು ದೊಡ್ಡ ಪರದೆ ಇಲ್ಲವೆಂದು ಹೇಳಿದರು. ಆಮೇಲೆ ಆ ಪದ ಹೇಳಿದರು. ಈ ಸಲ ತಮಾಷೆ ಇರಲಿಲ್ಲ. ವಾರದ ದೋಣಿಯಲ್ಲಿ ಎರಡೂ ಪೆಟ್ಟಿಗೆ ಕಂಡಾವುಗೆ ಹೋದವು.

ಸಕೆಯಾಸಿ ಫೋನಿನಲ್ಲಿ ಇದನ್ನು ಹೇಳಿದಾಗ ಅಪಿಸಾಯಿ, "ಅಲ್ಲಿ ಕರೆಂಟ್ ಇದೆಯಾ?" ಎಂದಷ್ಟೇ ಕೇಳಿದ.

"ಜನರೇಟರ್. ಸಾಯಂಕಾಲ ಎರಡು ಗಂಟೆ ಹೊತ್ತು ಓಡಿಸ್ತಾರೆ."

"ಸಾಕು ಅವರಿಗೆ."

ನೂರನೇ ದಿನ ಬಂಧುಗಳು ಅಂಗಳದಲ್ಲಿ ಗೆಣಸು, ಮೀನು, ಹಂದಿಮಾಂಸದ ಊಟ ಮುಗಿಸಿ ಒಳಗೆ ಬಂದು ಕೂತರು. ಸಕೆಯಾಸಿ ತನ್ನ ಲ್ಯಾಪ್‌ಟಾಪನ್ನು ಅಕ್ಕಿಮೂಟೆಯ ಮೇಲಿಟ್ಟ. ವಾಸಿತಿಯ ಡಿಸ್ಕಿನ ವೈರು ಅದಕ್ಕೆ ಸಲೀಸಾಗಿ ಕೂತಿತು.

"ಚಿಕ್ಕದು ಮಾಡಿಲ್ಲ," ಎಂದ ಅಪಿಸಾಯಿಯ ಕಿವಿಯಲ್ಲಿ. "ಹಾಗೇ ಇದೆ. ನಿಂತು ನಿಂತು ಓಡುತ್ತೆ."

"ಓಡಲಿ."

ಪರದೆಯ ಮೇಲೆ ಹುಲ್ಲು ಅಲುಗಿತು, ಆಕಾಶ ಬಂತು, ಆಮೇಲೆ ವಾಸಿತಿ ಬಂದಳು. ಕೈ ಚಾಚಿ ಮುಂದೆ ನುಗ್ಗುತ್ತಿದ್ದಳು. "ಇಳಿಸೋ ಅದನ್ನ! ಅದರ ಬೆಲೆ ನಿನಗಿಂತ—" ಎಂದಳು. ಚಿತ್ರ ನಿಂತಿತು. ಬಾಯಿ ತೆರೆದೇ ಇತ್ತು. ಹಿಂದೆ ಕೂತಿದ್ದ ಒಬ್ಬಾಕೆ ತನ್ನ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು.

ಸಕೆಯಾಸಿ ಗುಂಡಿ ಒತ್ತಲು ಕೈ ಮುಂದೆ ಮಾಡಿದ.

"ಮುಟ್ಟಬೇಡ," ಎಂದರು ನೆಮಾನಿ.

ಎಲ್ಲರೂ ಕಾದರು. ಯಂತ್ರದ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅಪಿಸಾಯಿ ಅವಳ ಮೇಲಿನ ಸಾಲಿನ ಹಲ್ಲುಗಳನ್ನು ನೋಡಿದ, ಹುಬ್ಬಿನ ಬಳಿಯ ಮಚ್ಚೆಯನ್ನು ನೋಡಿದ. ಚಿತ್ರ ತಾನಾಗಿ ಮುಂದೆ ಸರಿಯಿತು.

"—ಜಾಸ್ತಿ, ಕತ್ತೆ!" ಎಂದಳು ವಾಸಿತಿ, ನಗುತ್ತ. ಆಮೇಲೆ ಮತ್ತೆ ಹುಲ್ಲು.

"ಆಗಲೇ ಹೇಳಿದ್ಲು ನೋಡು ನಿನ್ನ ಬೆಲೆ," ಎಂದ ಅಪಿಸಾಯಿ.

ಸಕೆಯಾಸಿ ಒಳಕೋಣೆಗೆ ಹೋಗಿ ಕತ್ತರಿ ತಂದ. ಸಂಜೆ ಐದು ಗಂಟೆಗೆ, ಅಂಗಳದಲ್ಲಿ ಕುರ್ಚಿ ಹಾಕಿ, ಅವನು ಭಾವನ ಕೂದಲು ಕತ್ತರಿಸಿದ.