ಬಾಗಿಲ ಸಂದಿಯ ಗಾಳಿ

ಸದ್ದು ತೆಳ್ಳಗಾಯಿತು, ದಪ್ಪಗೆ ಗುಂಯ್‌ಗುಡಬೇಕಾದ ಧೂಳು ಹೀರುವ ಬ್ಲೋವರು ಹಲ್ಲಿನ ಸಂದಿಯಿಂದ ಉಸಿರೆಳೆದ ಹಾಗೆ ಸುಯ್ಯೆನ್ನುತ್ತಿದೆ, ಪೂನಮ್ ಹಲಗೆಯನ್ನು ಗರಗಸದ ಮೇಜಿನ ಮೇಲೆ ಬಿಟ್ಟು ಕಿಟಕಿಯ ಗಾಜಿಗೆ ಹಣೆ ಹಚ್ಚಿ ಹಿತ್ತಲು ನೋಡಿದಳು, ಗಳಕ್ಕೆ ಕಟ್ಟಿದ ಬಟ್ಟೆಚೀಲ ಅರ್ಧ ಉಬ್ಬಿ ಅರ್ಧ ಜೋತುಬಿದ್ದಿದೆ, ಇದೇ ಚೀಲ ನಿನ್ನೆ ಬ್ಲೋವರನ್ನು ಹಿತ್ತಲಿನಲ್ಲೇ ಇಟ್ಟು ತಿರುಗಿಸಿದಾಗ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತ್ತಲ್ಲ, ಇವತ್ತೇನು ಬಂತು ಇದಕ್ಕೆ—ಮೇಜಿನ ಕೆಳಗಿನಿಂದ ಬೋರ್‌ವೆಲ್ಲಿನ ಹಳೆ ಪೈಪು, ಪೈಪಿನಿಂದ ಬಣ್ಣದ ಡ್ರಮ್ಮು, ದಪ್ಪ ಹೊಟ್ಟು ಡ್ರಮ್ಮಿನಲ್ಲೇ ಸುತ್ತಿ ತಳಕ್ಕೆ ಬೀಳಬೇಕು, ಹಿಟ್ಟಿನಂಥದ್ದು ಬ್ಲೋವರು ದಾಟಿ ಗೋಡೆಯ ಕಿಂಡಿಯಿಂದ ಹಿತ್ತಲಿನ ಚೀಲಕ್ಕೆ ಹೋಗಬೇಕು, ಫೋನಿನ ವಿಡಿಯೋದಲ್ಲಿ ತೋರಿಸಿದವನ ಕೋಣೆಯಲ್ಲಿ ಹೋಗುತ್ತಿತ್ತು, ವಾಡಿಯ ಈ ಕಲ್ಲಿನ ಕೋಣೆಯಲ್ಲಿ ಮಾತ್ರ ಧೂಳು ಮೇಜಿನ ಮೇಲೆ ಆರಾಮಾಗಿ ಕೂತು ಅವಳನ್ನೇ ನೋಡುತ್ತಿದೆ. ಸಂಜೆ ಸರ್ದಾರ ಬರುತ್ತಾನೆ, ಚಿತ್ತಾಪುರದಿಂದ ಟಂಟಂ ಆಟೋ ತೆಗೆದುಕೊಂಡು, ಗರಗಸದ ಮಷೀನು ಎತ್ತಿಕೊಂಡು ಹೋಗಲು, ಗಂಡ ಸುರೇಶಕುಮಾರ ಅವನಿಗೆ ಮಾರುತ್ತೇನೆಂದು ಮಾತು ಕೊಟ್ಟಾಗಿದೆ, ನಮ್ಮವ್ವ ಎಲ್ಲೂ ಹೋಗಂಗಿಲ್ಲ ಪೂನಮ್, ಹೋಗೋದಿದ್ರ ಮಷೀನೇ ಹೋಗ್ತದ, ರಾತ್ರಿಯೆಲ್ಲ ಕೆಮ್ಮತಾಳ ಆಕಿ, ನಿನಗ ಕೇಳಸಂಗಿಲ್ಲೇನು, ಅಂದಿದ್ದ—ಕೇಳಿಸುತ್ತದೆ, ಕೇಳಿಸಿಯೇ ಈ ಡ್ರಮ್ಮು, ಈ ಪೈಪು, ಸಂಜಿ ತನಕ ತಡೀರಿ, ಧೂಳ ನಿಂತ್ರ ಮಷೀನ್ ಇರಲಿ, ನಿಲ್ಲಲಿಲ್ಲಂದ್ರ ನಾನೇ ಟಂಟಂಗ ಏರಸ್ತೀನಿ, ಅಂದುಬಿಟ್ಟಿದ್ದಾಳೆ, ಅನ್ನುವಾಗ ನಾಲಗೆಗೆ ಎಷ್ಟು ಸಲೀಸು.

ಬ್ಲೋವರು ಬಂದ್ ಮಾಡಿದಳು, ರೆಕ್ಕೆ ತಿರುಗಿ ತಿರುಗಿ ನಿಂತಿತು, ಆಗ ಕೇಳಿಸಿತು ಪಕ್ಕದ ಕೋಣೆಯಿಂದ ಹಣಮವ್ವನ ಕೆಮ್ಮು, ಮೊದಲು ಒಣಗಿದ್ದು, ಆಮೇಲೆ ತಳದಲ್ಲಿ ಜಲ್ಲಿ ಉರುಳಿದ ಹಾಗೆ, ಕೊನೆಗೆ ಯಾರಿಗೋ ಬೈದಂಥ ಒಂದು ಗುಟುರು. ಹಣಮವ್ವ ಗಂಡನ ತಾಯಿಯಾಗುವುದಕ್ಕೂ ಮೊದಲೇ ಅತ್ತೆ, ಅಪ್ಪನ ತಂಗಿ, ಶಹಾಬಾದದ ಪಾಲಿಶ್ ಮಷೀನಿನ ಮುಂದೆ ಬಾಯಿಗೆ ಹಸಿ ಬಟ್ಟೆ ಕಟ್ಟಿಕೊಂಡು ಕಲ್ಲು ತಿಕ್ಕುತ್ತಿದ್ದವಳು, ಸಂಜೆ ಬಂದರೆ ಹುಬ್ಬೂ ಬೆಳ್ಳಗೆ, ರೆಪ್ಪೆಯೂ ಬೆಳ್ಳಗೆ, ಸಣ್ಣ ಪೂನಮ್ ಓಡಿಹೋಗಿ ಅಪ್ಪಿಕೊಂಡರೆ ದೂರ ಸರಿ ಪೋರಿ, ಮೈಗೆಲ್ಲ ಕಲ್ಲ ಹತ್ತದ, ಎಂದು ನಗುತ್ತಿದ್ದಳು, ಆ ಬಟ್ಟೆ ಒಣಗಿ ರೊಟ್ಟಿಯಂತೆ ಗಟ್ಟಿಯಾಗಿರುತ್ತಿತ್ತು. ಡಾಕ್ಟರು ಎಕ್ಸರೇ ಹಿಡಿದು ಹೇಳಿದ್ದು, ಒಳಗ ಹೋದ ಕಲ್ಲು ಹೊರಗ ಬರಂಗಿಲ್ಲಮ್ಮ, ಹೊಸಾದು ಹೋಗದಂಗ ನೋಡ್ಕೊರಿ ಅಷ್ಟೇ, ಆ ಹೊಸಾದು ಎನ್ನುವ ಮಾತಿಗೆ ಸುರೇಶ ತಿರುಗಿ ಹೆಂಡತಿಯ ಮುಖ ನೋಡಿದ್ದ, ಅವಳ ಕೂದಲಲ್ಲಿ ಸಾಗವಾನಿಯ ಪುಡಿ ಇತ್ತು. ಇರಲಿ, ಈಗ ಪೈಪು, ಎಲ್ಲೋ ಸೋರುತ್ತಿರಬೇಕು, ಕೀಲು ಕೀಲಿಗೂ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದ್ದಾಳೆ, ಡ್ರಮ್ಮಿನ ಮುಚ್ಚಳದ ಸುತ್ತ ಅಂಟುಪಟ್ಟಿ, ಬೆರಳಿಂದ ತಡವಿ ನೋಡಿದಳು, ಎಲ್ಲ ಬಿಗಿ, ಎಲ್ಲಿಯೂ ಸಂದಿಯಿಲ್ಲ. ಅಂಗನವಾಡಿಯ ಪುಟ್ಟ ಮೇಜುಗಳು ಕಾಲಿಲ್ಲದೆ ಗೋಡೆಗೆ ಒರಗಿವೆ, ಕಾಲು ಕೊಯ್ಯಬೇಕು, ಅಂಚು ಬೋಳಿಸಬೇಕು, ಮಕ್ಕಳ ಕೈಗೆ ಚುಚ್ಚಬಾರದು, ಆ ಕೆಲಸ ಆ ಗರಗಸವಿಲ್ಲದೆ ಆಗದು, ಗರಗಸ ಹೋದರೆ ಅವಳೇನು—ಮತ್ತೆ ಚಾಲೂ ಮಾಡಿದಳು, ಮತ್ತೆ ಅದೇ ತೆಳು ಸುಯ್ಯಿ, ಕಿವಿಯೊಳಗೆ ಬಸ್ಸು ಘಟ್ಟ ಏರುವಾಗ ಆಗುವಂಥ ಒತ್ತು, ಚೀಲ ಜೋತೇ ಇದೆ.

ಒಳಗಿಂದ ಬಾಗಲಾ ಹಿಡ್ಕೊಂಡು ನಿಂತೀಯೇನ ಪೂನಮ್, ಬಿಡು. ಅತ್ತೆಯ ದನಿ, ಎರಡೂ ಕೋಣೆಗಳ ನಡುವಿನ ಬಾಗಿಲ ಆಚೆಯಿಂದ, ಚಿಲಕ ಕಟಕಟ ಅಲ್ಲಾಡುತ್ತಿದೆ. ನಾ ಹಿಡ್ದಿಲ್ಲತ್ತಿ, ಮಷೀನ್ ಮುಂದ ಅದೀನಿ. ಮತ್ತ್ಯಾರ ಹಿಡ್ದಾರ, ನಮ್ಮಣ್ಣ ಎದ್ದು ಬಂದಾನೇನು ಮಣ್ಣಾಗಿಂದ, ಜಗ್ಗಿದ್ರೂ ಬರವಲ್ದು. ಜಗ್ಗಬ್ಯಾಡ, ಬೀಳ್ತಿ. ನಾ ಬೀಳಂಗಿಲ್ಲ, ನಿನ್ನ ಬಾಗಲಾ ಬೀಳ್ತದ. ಪೂನಮ್ ನಕ್ಕಳು, ನಕ್ಕವಳು ನಿಂತಳು, ಬಾಗಿಲು ಅತ್ತೆಯ ಕಡೆಗೆ ತೆರೆಯುವಂಥದ್ದು, ಚಿಲಕ ಹಾಕಿಲ್ಲ, ಯಾರೂ ಹಿಡಿದಿಲ್ಲ, ಮತ್ತೆ ಒಳಕ್ಕೆ ಎಳೆದು ಹಿಡಿದಿರುವುದು ಯಾರು—ಅವಳ ನೋಟ ಬಾಗಿಲ ಬುಡಕ್ಕೆ ಹೋಯಿತು, ಅಲ್ಲಿ ಹಸಿ ಸೀರೆಯ ಸುರುಳಿ, ಕಿಟಕಿಯ ಚೌಕಟ್ಟಿಗೆ ಹಸಿ ಚಿಂದಿ, ಜಂತಿಯ ಸಂದಿಗೂ ಕೂಡ, ಬೆಳಿಗ್ಗೆ ಅವಳದೇ ಕೈ ಇದನ್ನೆಲ್ಲ ತುರುಕಿದೆ, ಗಾಳಿ ಸಿಮೆಂಟ್ ಕಾರ್ಖಾನೆಯ ಕಡೆಯಿಂದ ತಿರುಗಿತೆಂದರೆ ವಾಡಿಯಲ್ಲಿ ಯಾರ ಕೈಯಾದರೂ ತಾನಾಗಿ ಹಳೆ ಸೀರೆ ಹುಡುಕುತ್ತದೆ, ಕೊಡಕ್ಕೆ ಬಟ್ಟೆ, ಹಿಟ್ಟಿನ ಡಬ್ಬಿಗೆ ಬಟ್ಟೆ, ಕಿಟಕಿಗೆ ಬಟ್ಟೆ, ಧೂಳೆಂದರೆ ಮುಚ್ಚು, ಇನ್ನೂ ಧೂಳೆಂದರೆ ಇನ್ನೂ ಮುಚ್ಚು, ಹುಟ್ಟಿದಾಗಿನಿಂದ ಕಲಿತದ್ದು ಅಷ್ಟೇ, ಆದರೆ ಚೀಲಕ್ಕೆ ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕಲ್ಲ, ಬಾಟಲಿಗೆ ತುಟಿ ಹಚ್ಚಿ ಹೀರುತ್ತ ಕೂತರೆ ತುಟಿಯೇ ಒಳಗೆ ಹೋಗುತ್ತದೆ, ಎಂಥ ಹುಚ್ಚಿ, ಪೈಪಿನಲ್ಲಿ ತಪ್ಪು ಹುಡುಕುತ್ತಿದ್ದಳು. ಕಿಟಕಿ ತೆಗೆದರೆ ಸಿಮೆಂಟಿನ ಧೂಳು ಬರುತ್ತದೆ, ಅದು ಬೇಡ, ಓಣಿಯ ಕಡೆ ಗಾಳಿ ಸ್ವಚ್ಛ, ಓಣಿಯಿಂದ ಅತ್ತೆಯ ಕೋಣೆ, ಅತ್ತೆಯ ಕೋಣೆಯಿಂದ ಈ ಬಾಗಿಲು, ಬಾಗಿಲಿಂದ ಗರಗಸ, ಗರಗಸದಿಂದ ಚೀಲ—ಅಂದರೆ ಈ ಬಾಗಿಲು ತೆರೆದೇ ಇರಬೇಕು, ಮದುವೆಯಾದಾಗಿನಿಂದ ಅತ್ತೆಗೆ ತಾಗಬಾರದೆಂದು ಮುಚ್ಚುತ್ತ ಬಂದ ಇದೇ ಬಾಗಿಲು. ಮಷೀನು ಬಂದ್ ಮಾಡಿ, ಸುರುಳಿ ಎಳೆದು ತೆಗೆದು, ಬಾಗಿಲು ನೂಕಿದಳು, ಹಣಮವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು, ಏನಂತ ತೆಗ್ದಿ, ಧೂಳ ಬರ್ತದ. ಬರಂಗಿಲ್ಲತ್ತಿ, ನಿನ್ನ ಕಡಿಂದ ಗಾಳಿ ಈ ಕಡಿ ಬರ್ತದ, ನನ್ನ ಧೂಳ ನಿನ್ನ ಕಡಿ ಹೊಳ್ಳಂಗಿಲ್ಲ. ಯಾರ ಹೇಳ್ಯಾರ. ಯಾರೂ ಹೇಳಿಲ್ಲ, ಈಗ ತಿಳೀತು. ಗಾಳಿ ನಿನ್ನ ಕೇಳಿ ಹೋಗ್ತದೇನು. ಪೂನಮ್ ಬ್ಲೋವರು ತಿರುಗಿಸಿದಳು, ಈ ಸಲ ಸದ್ದು ದಪ್ಪಗಿದೆ, ಹಿತ್ತಲಿನಲ್ಲಿ ಚೀಲ ಮೇಲೆದ್ದಿತು, ಆದರೆ ಚೀಲ ಉಬ್ಬಿದ್ದನ್ನು ತೋರಿಸಿದರೆ ಸುರೇಶ ಒಪ್ಪುತ್ತಾನೆಯೇ, ಕಣ್ಣಿಗೆ ಕಾಣದ ಗಾಳಿಯ ದಾರಿಯನ್ನು ಹೇಗೆ ತೋರಿಸುವುದು, ಜರಾ ಹೊಗಿ ಇದ್ರ ತೋರಸ್ತಿದ್ದೆ, ಊದಿನಕಡ್ಡಿ ಮುಗಿದಾವ, ಅಂಗಡಿಗೆ ಹೋಗಿಬರ್ತೀನಿ, ಇಲ್ಲೇ ಕುಂದ್ರು.

ಹೊಗಿ ಬೇಕೇನು ನಿನಗ. ಹಣಮವ್ವ ಹೊಸ್ತಿಲ ಆಚೆ, ತನ್ನ ಕೋಣೆಯಲ್ಲೇ, ಕುಕ್ಕುರುಗಾಲಲ್ಲಿ ಕೂತಳು, ಸೊಂಟದ ಸಂಚಿಯ ದಾರ ಬಿಚ್ಚಿದಳು, ಎಲೆಯಿಲ್ಲ ಅಡಿಕೆಯಿಲ್ಲ, ಒಂದು ಬೀಡಿ, ಕಡ್ಡಿಪೆಟ್ಟಿಗೆ, ಪೂನಮ್ ಬಾಯಿ ತೆರೆದು ನಿಂತಳು, ಇದೇನತ್ತಿ, ಡಾಕ್ಟರ ಮುಂದ ಬಿಟ್ಟೀನಿ ಅಂದಿದ್ದಿ. ಹೂಂ, ಆ ಡಾಕ್ಟರನ ಕಡಿ ಹೋಗೋದು ಬಿಟ್ಟೀನಲ್ಲ. ಯಾವಾಗ, ಎಲ್ಲಿ, ದಿನಾ ಸೇದತೀಯೇನು. ಬಚ್ಚಲ ಹಿಂದ, ನೀ ಮಷೀನ್ ಹಚ್ಚಿದಾಗ, ಸದ್ದಿನಾಗ ನನ್ನ ಕೆಮ್ಮ ಕೇಳಂಗಿಲ್ಲ ನೋಡು. ಕಡ್ಡಿ ಗೀರಿದಳು, ನಾನೆಷ್ಟು ನೆಲ ಒರೆಸಿದೆ, ಎಷ್ಟು ಸಲ ಇವಳು ಓಣಿಗೆ ಹೋಗಲೆಂದು ಕಾದು ಗರಗಸ ಹಚ್ಚಿದೆ, ಗಂಡ ಅಂದದ್ದನ್ನೆಲ್ಲ ನುಂಗಿದೆ, ಆಗೆಲ್ಲ ಈ ಮುದುಕಿ ಸುಮ್ಮನೆ ಕೂತು ಕೇಳಿದ್ದಾಳೆ, ಪೂನಮ್‌ಳ ಕಿವಿ ಬಿಸಿಯಾಯಿತು, ನಿನ್ನ ಮಗಗ ಒಂದ ಮಾತ ಹೇಳಬಾರದಿತ್ತೇನು ಅತ್ತಿ, ನನ್ನ ಮಷೀನ್ ಮಾರ್ಲಾಕತ್ತಾನ. ಹೇಳಿದ್ರ ಬೀಡಿ ಕಸ್ಕೊಂತಾನ. ಇಷ್ಟು ನೇರವಾಗಿ ಅಂದರೆ ಬೈಯುವುದಾದರೂ ಹೇಗೆ, ಕಲ್ಲು ಒಳಗಿದೆ, ಸಿಮೆಂಟು ಒಳಗಿದೆ, ಬೀಡಿ ಒಳಗಿದೆ, ಮರವೂ ಇದೆ, ಅದೂ ಖರೇ, ಬೀಡಿ ಸಿಕ್ಕಿತೆಂದು ಮರದ ಪುಡಿ ಇಲ್ಲವಾಗುವುದಿಲ್ಲ, ಯಾವುದು ಎಷ್ಟೆಂದು ಆ ಎದೆ ಸೀಳಿ ಯಾರು ಬೇರೆ ಮಾಡುತ್ತಾರೆ—ಹಣಮವ್ವ ಒಮ್ಮೆ ಎಳೆದು, ಕೆಮ್ಮಿ, ಬೀಡಿಯನ್ನು ಬಾಗಿಲ ಸಂದಿಗೆ ಹಿಡಿದಳು, ಹೊಗೆ ಗೇಣುದ್ದ ನೇರ ಎದ್ದು ಸಟ್ಟನೆ ಬಾಗಿತು, ಗರಗಸದ ಕಡೆಗೆ, ನೀಲಿ ದಾರ ಯಾರೋ ಆ ತುದಿಯಿಂದ ಎಳೆದ ಹಾಗೆ.

ಹೊರಗೆ ಟಂಟಂ ಹಾರ್ನು, ಒಂದು ಸಲ, ಎರಡು ಸಲ, ಸರ್ದಾರ ಬೇಗ ಬಂದುಬಿಟ್ಟ, ಬರ್ರಿ ಸರ್ದಾರಣ್ಣ, ಒಳಗೇ ಅದ ಮಷೀನು, ಇದು ಸುರೇಶನ ದನಿ, ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟ ಸದ್ದು, ಅತ್ತಿ, ಆರ್ಸು ಅದನ್ನ, ನಿನ್ನ ಮಗ ಬಂದಾನ, ನಾ ಹೆಂಗರೆ ಹೇಳ್ತೀನಿ, ಆರ್ಸು. ಪೂನಮ್ ಕೈ ಚಾಚಿದಳು, ಅತ್ತೆ ಆ ಕೈ ಸರಿಸಿದಳು, ಬೀಡಿ ಆರಿಸಲಿಲ್ಲ, ಸೆರಗಿನ ಕೆಳಗೆ ಒಯ್ಯಲಿಲ್ಲ, ಬೆಂಕಿ ಸಣ್ಣಗಾಯಿತೆಂದು ಇನ್ನೊಮ್ಮೆ ಎಳೆದು ಸಂದಿಗೇ ಹಿಡಿದಳು. ಸುರೇಶ ಅವ್ವನ ಕೋಣೆಗೆ ಬಂದ, ಹಿಂದೆ ಸರ್ದಾರ, ಇಬ್ಬರೂ ನಿಂತರು, ಅವ್ವಾ, ಏನಿದು, ಯಾರ ಕೊಟ್ಟಾರ ಇದನ್ನ ನಿನಗ. ನಾನೇ ತಂದೀನಿ, ದಿನಾ ತರ್ತೀನಿ, ಆಮ್ಯಾಲ ಬೈಯಂತಿ, ಈಗ ಅಡ್ಡ ನಿಂದ್ರಬ್ಯಾಡ, ಆ ಕಡಿ ಸರಿ, ಗಾಳಿ ಹೊಂಟದ. ಎಲ್ಲಿ ಗಾಳಿ. ಕಣ್ಣಿಲ್ಲೇನೋ ನಿನಗ, ಹೊಗಿ ನೋಡು, ಆ ಕಡೀಗೇ ಹೊಂಟದ, ಆಕಿ ಧೂಳ ಈ ಕಡಿ ಹೊಳ್ಳಂಗಿಲ್ಲ. ಸುರೇಶ ಸರಿದ, ಬೈಯಬೇಕೆಂದು ತೆರೆದ ಬಾಯಿ ಹಾಗೇ ಇದೆ, ಅವನ ಕಣ್ಣು ಬೀಡಿಯಿಂದ ಹೊಗೆಗೆ, ಹೊಗೆಯಿಂದ ಸಂದಿಗೆ, ಪೂನಮ್ ಅವನ ಮುಖ ನೋಡಬೇಕೆಂದುಕೊಂಡಳು, ನೋಡಲಾಗಲಿಲ್ಲ, ಅವಳ ಕಣ್ಣೂ ಅಲ್ಲೇ, ಈಗ ಅವನು ಏನನ್ನುತ್ತಾನೆ, ಸರ್ದಾರನಿಗೆ ಏನು ಹೇಳುತ್ತಾನೆ, ಚಹಾ ಇಡಲೇ, ಹಾಲು ಇದೆಯೇ, ಏನಾದರೂ ಅನ್ನಲಿ, ಈಗಲೇ ಬೇಡ, ಇನ್ನೊಂದು ಗಳಿಗೆ ಯಾರೂ ಏನೂ ಅನ್ನದಿರಲಿ—ಎರಡು ಬೆರಳು, ಅವುಗಳ ನಡುವಿನಿಂದ ಹೊಗೆ, ಗೇಣುದ್ದ ನೇರ, ಆಮೇಲೆ ಬಾಗಿ, ಹೊಸ್ತಿಲು ದಾಟಿ ಆ ಕಡೆಗೆ, ಆ ಕಡೆಗೇ, ತಿರುಗದೆ, ಹೊಗೆ, ಗೇಣುದ್ದ ನೇರ, ಆಮೇಲೆ ಬಾಗಿ—