ಜಗಳೂರಿಗೂ ಮೂರು ತಾಸು

ಬೆಳಿಗ್ಗೆ ಎಮ್ಮೆ ಹಾಲು ಕರೆದು ಹೊರಟರೆ ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ ಕೊಟ್ಟಿಗೆಯಲ್ಲಿರಬೇಕು. ಅದಕ್ಕಿಂತ ದೂರದ ಊರಿಗೆ ಹೆಣ್ಣು ಕೊಡುವುದಿಲ್ಲ. ಕತ್ತಲಗೆರೆಯ ಶಿವಮೂರ್ತಪ್ಪನ ಈ ಹಟದ ಮುಂದೆ ಯಾರ ಮಾತೂ ನಡೆಯುತ್ತಿರಲಿಲ್ಲ. ದೊಡ್ಡವಳು ಕಲ್ಪನಾಳನ್ನು ಜಗಳೂರಿಗೆ ಕೊಟ್ಟಿದ್ದೂ ಹೀಗೇ ಅಳೆದು. ದಾವಣಗೆರೆಯಲ್ಲಿ ಬಸ್ಸು ಬದಲಿಸಿದರೂ ಮೂರು ತಾಸು.

ಈಗ ಕಿರಿಯವಳು ಸಂಧ್ಯಾರಾಣಿಗೆ ಗಂಡು ಬಂದಿತ್ತು. ನ್ಯಾಮತಿ ಕಡೆಯ ಹುಡುಗ, ಕೆಲಸ ಗುವಾಹಟಿಯ ಬ್ಯಾಂಕಿನಲ್ಲಿ. ಸಂಬಂಧ ತಂದವನು ಶಿವಮೂರ್ತಪ್ಪನ ಹೆಂಡತಿ ಕಸ್ತೂರಮ್ಮನ ತಮ್ಮ, ಹೊನ್ನಾಳಿಯ ಗುರುಬಸವರಾಜ.

"ಬೆಂಗ್ಳೂರಿಂದ ಎರಡು ಸಾವಿರ ಕಿಲೋಮೀಟ್ರು ಭಾವ. ಆದ್ರೆ ವಿಮಾನದಾಗೆ ಬರೀ ಮೂರು ತಾಸು," ಎಂದು ಗುರು ಮೊಬೈಲು ಚಾಚಿದ. "ಲೆಕ್ಕ ಹಾಕಿದ್ರೆ ನಿಮ್ಮ ಜಗಳೂರಷ್ಟೇ ದೂರ."

"ಬೆಂಗ್ಳೂರು ತನಕ ನಿಮ್ಮಜ್ಜ ಹೊತ್ಕೊಂಡು ಹೋಗ್ತಾನೇನೋ? ಇಲ್ಲಾ ನಿನ್ನ ವಿಮಾನ ನಮ್ಮ ಕಣದಾಗೇ ಇಳೀತೈತಾ?" ಶಿವಮೂರ್ತಪ್ಪ ಸಿಡಿದ. "ನಾಳೆ ಮಗಳು ಅತ್ಕೊಂಡು ಫೋನ್ ಮಾಡಿದ್ರೆ ನಾನು ಹೆಂಗಲೇ ಹೋಗಾಕೆ ಆಗ್ತೈತೆ?"

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಕಸ್ತೂರಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಹೋದ ತಿಂಗಳು ಕಲ್ಪನಾ ಅತ್ಕೊಂಡೇ ಫೋನ್ ಮಾಡಿದ್ಲಲ್ರೀ. ಗಂಡ ಹೊಡೀತಾನೆ, ಬಂದು ಕರ್ಕೊಂಡು ಹೋಗಪ್ಪ ಅಂದ್ಲು. ಏನಂದ್ರಿ ನೀವು?"

ಏನಂದಿದ್ದ? ಎಮ್ಮೆ ಇವತ್ತೋ ನಾಳೆಯೋ ಈಯುತ್ತದೆ, ಬಿಟ್ಟು ಬರುವ ಹಾಗಿಲ್ಲ, ಸ್ವಲ್ಪ ಹೊಂದಿಕೊಂಡು ಹೋಗು ಎಂದಿದ್ದ. ಎಮ್ಮೆ ಈದು, ಕರು ಈಗ ಅಂಗಳದಲ್ಲಿ ನೆಗೆಯುತ್ತಿತ್ತು.

"ಸಂಸಾರ ಅಂದ್ಮೇಲೆ ಒಂದು ಬರ್ತೈತೆ, ಒಂದು ಹೋಗ್ತೈತೆ. ಅದಕ್ಕೆಲ್ಲಾ ಓಡಾಕೆ ಆಗ್ತೈತೇನೇ?" ಎಂದು ದನಿ ಏರಿಸಿದ.

"ನನ್ನ ಗುವಾಹಟಿಗೇ ಕೊಡಪ್ಪ." ಮೂಲೆಯಲ್ಲಿ ನಿಂತಿದ್ದ ಸಂಧ್ಯಾ ಮೊದಲ ಸಲ ಬಾಯಿಬಿಟ್ಟಳು. "ಅಲ್ಲಿಗೆ ನೀನು ಬರಲ್ಲ ಅಂತ ಮೊದ್ಲೇ ಗೊತ್ತಿರ್ತೈತೆ. ಅಕ್ಕನಂಗೆ ದಿನಾ ಬಸ್ಸಿನ ದಾರಿ ಕಾಯೋದಾದ್ರೂ ತಪ್ತೈತೆ."

ಶಿವಮೂರ್ತಪ್ಪನ ಕೈ ಮೇಲೆದ್ದಿತು. ಸಂಧ್ಯಾ ಕಣ್ಣು ಮುಚ್ಚಿ ಮುಖ ಓರೆ ಮಾಡಿದಳು. ಅಲ್ಲಿ ದೊಡ್ಡವಳೂ ಹೀಗೇ ಮುಖ ತಿರುಗಿಸುತ್ತಿರಬೇಕು ಎನ್ನಿಸಿದ್ದೇ ತಡ, ಎತ್ತಿದ ಕೈ ಸೋತು ಇಳಿಯಿತು. ಗೂಟದಲ್ಲಿದ್ದ ಟವೆಲ್ಲು ಎಳೆದು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಬಿದ್ದ.

"ಭಾವ, ಎಲ್ಲಿಗ್ರೀ? ಸಂಜೆ ಹಾಲು ಕರೆಯೋರ್ಯಾರು?" ಗುರು ಕೂಗಿದ.

"ನೀನೇ ಕರಿ! ಒದ್ರೆ ಒದಿಸ್ಕೋ!"

ದಾವಣಗೆರೆಯಲ್ಲಿ ಜಗಳೂರು ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು ಕಲ್ಪನಾಗೆ ಫೋನ್ ಮಾಡಿದ.

"ಎಲ್ಲಿದ್ದೀಯವ್ವಾ? ಬಟ್ಟೆ ಕಟ್ಕೋ. ಬರ್ತಾ ಇದೀನಿ."

ಆ ಕಡೆಯಿಂದ ಅವಳು ಗಾಬರಿಯಾಗಿ ಕೇಳಿದಳು.

"ಅಪ್ಪಾ... ಅವ್ವಗೆ ಏನಾಯ್ತು? ಸುಮ್ಸುಮ್ನೆ ನೀನು ಬರೋನಲ್ಲ, ಸುಳ್ಳು ಹೇಳಬ್ಯಾಡ. ಅವ್ವ ಇದಾಳೋ ಇಲ್ಲೋ?"